ಪಟಮಟದ ಬೀದಿಯ ಒಂದೇ ಕಳ್ಳತನ

ವಿಜಯವಾಡಕ್ಕೆ ಕಾಲಿಡುವ ಮೊದಲೇ ಅಪ್ಪ ಆ ಊರಿಗೆ ಹೆದರಿದ್ದ. ವಿಶಾಖಪಟ್ಟಣದಲ್ಲಿ ನಾವಿದ್ದ ಎರಡು ಕೋಣೆಯ ಮನೆಗೆ ಹಗಲಿಡೀ ಬಾಗಿಲು ಹಾಕುತ್ತಿರಲಿಲ್ಲ. ಸಮುದ್ರದ ಗಾಳಿ ಮುಂದಿನಿಂದ ಬಂದು ಹಿತ್ತಲಿನಿಂದ ಹೋಗುತ್ತಿತ್ತು, ಅದರ ಬೆನ್ನಿಗೇ ಓಣಿಯ ಮಕ್ಕಳು. ವರ್ಗದ ಆರ್ಡರು ಬಂದಾಗ ಅಪ್ಪನ ಬ್ಯಾಂಕಿನವರು ಒಬ್ಬೊಬ್ಬರೂ ಒಂದೊಂದು ಕತೆ ಹೇಳಿ ಕಳಿಸಿದರು. ಬೆಜವಾಡದಲ್ಲಿ, ಎಂದರೆ ಈ ವಿಜಯವಾಡದಲ್ಲೇ, ಹಾಡಹಗಲೇ ಕತ್ತಿ ಹಿಡಿದು ಅಟ್ಟಿಸಿಕೊಂಡು ಹೋಗುತ್ತಾರಂತೆ, ಸಿನಿಮಾ ಬಿಟ್ಟ ಹೊತ್ತಿಗೆ ಹೆಂಗಸರ ಕೊರಳಿಗೆ ಕೈ ಹಾಕುತ್ತಾರಂತೆ, ಬಾಡಿಗೆಗೆ ಬಂದ ಹೊರಗಿನವರ ಮನೆಯನ್ನೇ ಹುಡುಕಿ ನುಗ್ಗುತ್ತಾರಂತೆ. ಅಪ್ಪ ಗದಗಿನ ಕಡೆಯವನು. ತೆಲುಗು ಅವನಿಗೆ ಕೌಂಟರಿನ ಆಚೆ ನಿಂತವರ ಜೊತೆ ವ್ಯವಹರಿಸುವಷ್ಟು ಮಾತ್ರ ಬರುತ್ತಿತ್ತು. ಊರಿನ ಮಾತು ಅರ್ಧ ತಿಳಿಯುವವನಿಗೆ ಊರಿನ ಭಯ ಮಾತ್ರ ಪೂರ್ತಿ ತಿಳಿಯುತ್ತದೆ ಎಂಬುದನ್ನು ನಾನು ಅವನನ್ನು ನೋಡಿ ಕಲಿತೆ.

ವಿಜಯವಾಡದ ಪಟಮಟ ಬಡಾವಣೆಯಲ್ಲಿ ನಮಗೆ ಸಿಕ್ಕಿದ್ದು ಮಹಡಿ ಮನೆಯ ಕೆಳಗಿನ ಭಾಗ. ಮೇಲೆ ಮನೆಯ ಮಾಲೀಕರು, ಹೈಸ್ಕೂಲಿನ ಗಣಿತದ ಮೇಷ್ಟ್ರು. ಬೀದಿಯೆಲ್ಲ ಅವರನ್ನು ಮಾಸ್ಟಾರು ಎನ್ನುತ್ತಿತ್ತು, ನಾವೂ ಹಾಗೇ ಕರೆದೆವು. ಮುಂದೆ ಕಬ್ಬಿಣದ ಗ್ರಿಲ್ ಹಾಕಿದ ವರಾಂಡ, ಆಮೇಲೆ ನಡುಮನೆ, ಬೆಳಕು ಕಡಿಮೆಯಿದ್ದ ಒಂದು ಮಲಗುವ ಕೋಣೆ, ಕೊನೆಗೆ ಅಡಿಗೆಮನೆ. ಹಿತ್ತಲಲ್ಲಿ ಒಂದು ಕೈಪಂಪು. ಅದನ್ನು ಒತ್ತುವಾಗ ಬರುತ್ತಿದ್ದ ಕೀರಲು ದನಿ ಮೂರು ಮನೆಗೆ ಕೇಳುತ್ತಿತ್ತು. ಅವ್ವ ಬೆಳಿಗ್ಗೆ ರೊಟ್ಟಿ ಬಡಿಯಲು ಕೂತರೆ ಅದೂ ಮೂರು ಮನೆಗೆ ಕೇಳುತ್ತಿತ್ತು. ಜೋಳದ ಹಿಟ್ಟು ಗದಗಿನಿಂದ ಡಬ್ಬಿಯಲ್ಲಿ ಬರುತ್ತಿತ್ತು, ಮುಗಿಯುವ ಮುಂಚೆ ಹುಳ ಹಿಡಿಯುತ್ತಿತ್ತು, ಅವ್ವ ಸಾಣಿಸಿ ಸಾಣಿಸಿ ಅದನ್ನೇ ಬಡಿಯುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಮೊದಮೊದಲು ಗ್ರಿಲ್ ಹಿಡಿದು ನಿಂತು, ಹಿಟ್ಟಿನ ಉಂಡೆ ಅಂಗೈಯ ಪೆಟ್ಟಿಗೆ ತಟ್ಟೆಯಷ್ಟಾಗುವುದನ್ನು ನೋಡಿ ಹೋಗುತ್ತಿದ್ದರು. ಸಂಜೆ ಅಪ್ಪ ಬಂದ ಮೇಲೆ ಇನ್ನೊಂದು ವಿಧಿ ಶುರುವಾಗುತ್ತಿತ್ತು. ಬಾಗಿಲಿಗೆ ಮೊದಲೇ ಇದ್ದ ಅಗಳಿ ಸಾಲದೆಂದು ಅವನು ಇನ್ನೆರಡು ಹಾಕಿಸಿದ್ದ. ಊಟಕ್ಕೆ ಕೂತಲ್ಲಿಂದಲೇ ಕೂಗುತ್ತಿದ್ದ:

"ನೀಲಾ, ಕೆಳಗಿನ ಅಗಳಿ ಹಾಕಿಯೇನವಾ?"

"ಹಾಕೇನಿ."

"ಮ್ಯಾಲಿಂದು?"

"ಅದೂ ಹಾಕೇನಿ."

"ಒಮ್ಮೆ ಎಳದು ನೋಡಿ ಬಾ."

ನಾನು ಎಳೆದು ನೋಡಿ ಬಂದಮೇಲೆ ಅವನು ಎದ್ದು ಹೋಗಿ ಮತ್ತೊಮ್ಮೆ ಎಳೆದು ನೋಡುತ್ತಿದ್ದ. ಅವ್ವ ತಲೆಯೆತ್ತದೆ ಅವನ ತಾಟಿಗೆ ಬದನೆಕಾಯಿ ಪಲ್ಯ ಬಡಿಸುತ್ತಿದ್ದಳು. ಅವಳಿಗೆ ಆ ಊರಿನ ಹೆದರಿಕೆ ಇರಲಿಲ್ಲ. ಇಲ್ಲದ್ದಕ್ಕೆ ಕಾರಣ ಸುಗುಣ.

ಬೀದಿಯ ಕೊನೆಯಲ್ಲಿ ಮಾಸ್ಟಾರದೇ ಮೂರು ಒಂಟಿ ಕೋಣೆಗಳಿದ್ದವು. ಅದರಲ್ಲೊಂದರಲ್ಲಿ ಸುಗುಣ, ಅವಳ ಗಂಡ ರತ್ನಂ ಇದ್ದರು. ಅವಳು ಬಟ್ಟೆ ಹೊಲಿಯುತ್ತಿದ್ದಳು. ಅವನು ಆಟೋನಗರದ ಷೆಡ್ಡೊಂದರಲ್ಲಿ ಗಾಡಿ ರಿಪೇರಿಯ ಕೆಲಸಗಾರ. ಭಾನುವಾರ ಇಬ್ಬರೂ ಬಿಳಿ ಬಟ್ಟೆ ಉಟ್ಟು ಚರ್ಚಿಗೆ ಹೋಗುತ್ತಿದ್ದರು, ಹಬ್ಬದ ಅರಿಶಿನ ಕುಂಕುಮಕ್ಕೆ ಬೀದಿಯ ಬೇರೆ ಮನೆಗಳು ಅವಳನ್ನು ಕರೆಯುತ್ತಿರಲಿಲ್ಲ. ಅವ್ವ ಕರೆದಳು. ಸುಗುಣ ಮೊದಲು ಅವಳನ್ನು ಅಮ್ಮಗಾರು ಎನ್ನುತ್ತಿದ್ದಳು. ಅವ್ವ ಬೈದು ಬೈದು ಅಕ್ಕಾ ಅನ್ನಿಸಿದಳು. ಅವ್ವನ ತೆಲುಗೆಲ್ಲ ಸುಗುಣಳಿಂದ ಬಂದದ್ದು. ಮಧ್ಯಾಹ್ನ ಶಾಲೆಯಿಂದ ಬಂದರೆ ಅವ್ವ ಅವಳ ಹೊಲಿಗೆಯಂತ್ರದ ಬದಿಯಲ್ಲಿ ಕೂತು ಗುಂಡಿ ಹಾಕುತ್ತಿರುವುದನ್ನು ನೋಡುತ್ತಿದ್ದೆ. ನನಗೆ ಅವಳು ಪಿನ್ನಿ, ಎಂದರೆ ಚಿಕ್ಕಮ್ಮ. ಗೋಂಗುರ ಸೊಪ್ಪಿನ ಚಟ್ನಿ ಕಲಸಿದ ಬಿಸಿ ಅನ್ನದ ತುತ್ತನ್ನು ನಾನು ಮೊದಲು ತಿಂದದ್ದು ಅವಳ ಕೈಯಿಂದ. ರತ್ನಂ ಹಳೆಯ ಬಿಡಿಭಾಗಗಳನ್ನೆಲ್ಲ ಕೂಡಿಸಿ ತನಗೊಂದು ಮೋಟಾರ್‌ಸೈಕಲ್ ಮಾಡಿಕೊಂಡಿದ್ದ. ಕೆಂಪು ಬಣ್ಣವನ್ನು ಅವನೇ ಬಳಿದಿದ್ದ, ಕುಂಚದ ಗೆರೆ ಕಾಣುತ್ತಿತ್ತು. ಸಂಜೆ ಬೀದಿಯ ತುದಿಯಿಂದ ತನ್ನ ಕೋಣೆಯವರೆಗೆ ನನ್ನನ್ನು ಟ್ಯಾಂಕಿನ ಮೇಲೆ ಕೂಡಿಸಿಕೊಂಡು ಬರುತ್ತಿದ್ದ. ಅಪ್ಪನ ಸೈಕಲ್ಲಿನ ಮೇಲೆ ಒಳಪೆಡಲು ತುಳಿಯುವುದನ್ನು ಕಲಿಸಿದವನೂ ಅವನೇ. ನನ್ನ ಹತ್ತನೆಯ ವರ್ಷದಲ್ಲಿ ಆ ಬೀದಿ ಈ ತುದಿಯಿಂದ ಆ ತುದಿಯವರೆಗೆ ನನ್ನದಾಗಿತ್ತು.

ಅವ್ವನ ಕೊರಳಲ್ಲಿ ತಾಳಿಯ ಜೊತೆಗೆ ಒಂದು ಬೋರಮಾಳ ಇತ್ತು. ನಮ್ಮ ಕಡೆಯ ಬಂಗಾರದ ಮಣಿಸರ. ಬೋರೆಹಣ್ಣಿನಂಥ ಗುಂಡುಗಳು, ನಡುವೆ ಒಂದು ಪದಕ. ಅಪ್ಪನ ಮನೆತನದ್ದು, ಲಗ್ನದಲ್ಲಿ ಅಜ್ಜಿ ತಾನೇ ಬಿಚ್ಚಿ ಅವ್ವನಿಗೆ ಹಾಕಿದ್ದು. ಆ ವರ್ಷ ಬೇಸಿಗೆಗೆ ಮುಂಚೆ ಅಜ್ಜಿಯಿಂದ ಕಾಗದ ಬಂತು. ಅಪ್ಪ ಊಟದ ಹೊತ್ತಿಗೆ ಅದನ್ನು ಓದಿ ಹೇಳಿದ: ಕಾಕಾನ ಲಗ್ನ ಗೊತ್ತಾಗಿದೆ, ಬರುವಾಗ ಬೋರಮಾಳ ತರಬೇಕು, ಹೊಸ ಸೊಸೆಯ ಕೊರಳಿಗೆ ಅದನ್ನೇ ಹಾಕುವುದು. ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಹನ್ನೆರಡು ವರ್ಷ ಆತು ನನ್ನ ಕೊಳ್ಳಾಗ ಹಾಕಿ. ಈಗ ಬಿಚ್ಚು ಅಂದ್ರ?"

"ಮನಿತನದ ಸಾಮಾನು ಅದು. ಹಿರೀ ಸೊಸಿ ನೀ. ತಿಳ್ಕೋಬೇಕು."

"ನನಗೂ ಒಬ್ಬಾಕಿ ಮಗಳದಾಳ."

"ಅಕಿ ಲಗ್ನದ ಹೊತ್ತಿಗೆ ನೋಡೂಣಂತ. ನಮ್ಮವ್ವಗ ನಾ ಏನಂತ ಬರೀಲಿ?"

"ತರ್ತೇವಿ ಅಂತ ಬರೀರಿ," ಎಂದು ಅವ್ವ ಎದ್ದಳು. ಆ ವಾರವೆಲ್ಲ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿತ್ತು, ಮಾತು ಕಡಿಮೆಯಾಗಿತ್ತು. ನಡುವೆ ಅವ್ವನ ತಂಗಿ, ನಮ್ಮ ಚಿಗವ್ವ, ಎರಡು ದಿನದ ಮಟ್ಟಿಗೆ ಬಂದು ಹೋದಳು. ದೊಡ್ಡವರ ಈ ಜಗಳ ಮುಗಿಯಿತೆಂದೇ ನಾನು ತಿಳಿದೆ.

ಚಿಗವ್ವ ಹೋದ ಮಾರನೆಯ ದಿನ, ಗುರುವಾರ, ನಾನು ಶಾಲೆಯಿಂದ ಬಂದು ವರಾಂಡದ ಗ್ರಿಲ್ಲಿಗೆ ಒರಗಿ ಅವಲಕ್ಕಿ ತಿನ್ನುತ್ತಿದ್ದೆ. ಅವ್ವ ತರಕಾರಿಗೆಂದು ಹೋಗಿದ್ದಳು. ಬೀದಿಯ ಬಾಯಲ್ಲಿ ಅವಳು ಕಾಣಿಸಿಕೊಂಡಾಗ ಕೈಯಲ್ಲಿ ಚೀಲವಿರಲಿಲ್ಲ. ಸೆರಗು ನೆಲಕ್ಕೆ ಎಳೆಯುತ್ತಿತ್ತು, ತುರುಬು ಬಿಚ್ಚಿತ್ತು, ರವಿಕೆಯ ಭುಜದ ಬಳಿ ಬಟ್ಟೆ ಜೋತಿತ್ತು. ಕತ್ತಿನ ಮೇಲೆ ಉದ್ದಕ್ಕೆ ಒಂದು ಕೆಂಪು ಗೀರು. ಮೆಟ್ಟಿಲ ಮೇಲೆ ಕೂತು ಗೋಡೆ ಹಿಡಿದುಕೊಂಡಳು. ಒಂದು ಗಳಿಗೆಯಲ್ಲಿ ಬೀದಿಯೆಲ್ಲ ನಮ್ಮ ಮನೆಯ ಮುಂದೆ ಸೇರಿತು. ಬಂದರು ರಸ್ತೆಯ ತಿರುವಿನಲ್ಲಿ ಗಾಡಿಯ ಮೇಲೆ ಇಬ್ಬರು ಬಂದರು, ಹಿಂದೆ ಕೂತವನು ಕೊರಳಿಗೆ ಕೈ ಹಾಕಿದ, ತಾಳಿ ಉಳಿಯಿತು, ಬೋರಮಾಳ ಹೋಯಿತು ಎಂದು ಅವ್ವ ತನ್ನ ಒಡಕು ತೆಲುಗಿನಲ್ಲಿ ಹೇಳಿದಳು. ಮೊದಲು ಓಡಿಬಂದವಳು ಸುಗುಣ. ಅವಳೇ ಅವ್ವನನ್ನು ಒಳಗೆ ಕರೆದೊಯ್ದು ಗೀರಿಗೆ ಅರಿಶಿನ ಹಚ್ಚಿದಳು, ಬೇರೆ ರವಿಕೆ ತೊಡಿಸಿದಳು. ಹರಿದದ್ದನ್ನು ಮಡಚಿಕೊಂಡು, "ಇದನ್ನು ನಾನು ಸರಿ ಮಾಡಿ ತರ್ತೀನಿ ಅಕ್ಕಾ," ಎಂದಳು. ಅವ್ವ ಬೇಡವೆಂದಳು. ಅಷ್ಟು ಹೆಂಗಸರ ಮುಂದೆ ಹೆಚ್ಚು ಬೇಡವೆನ್ನಲಾಗಲಿಲ್ಲ.

ಅಪ್ಪ ಬ್ಯಾಂಕಿನಿಂದ ಓಡಿಬಂದ. ಮಾಸ್ಟಾರು ಪೊಲೀಸಿನವರನ್ನು ಕರೆಸಿದರು. ಬಂದವನು ದಪ್ಪ ಮೀಸೆಯ, ದಣಿದ ಮುಖದ ಮನುಷ್ಯ. ನಡುಮನೆಯ ಕುರ್ಚಿಯಲ್ಲಿ ಕೂತು ಅವ್ವ ಕೊಟ್ಟ ನೀರು ಕುಡಿದು ಬರೆದುಕೊಳ್ಳತೊಡಗಿದ. ಗಾಡಿ ಯಾವುದು ಎಂದು ಕೇಳಿದಾಗ ಅವ್ವ, ತಾನು ಬಿದ್ದುಬಿಟ್ಟೆ, ನೋಡಲಿಲ್ಲ ಎಂದಳು. ಅವನು ಪೆನ್ನು ಎತ್ತಿ ಅಪನಂಬಿಕೆಯಿಂದ ಅವಳನ್ನು ನೋಡಿದ. ಆಗ ಅವ್ವ ನನ್ನ ಕಡೆ ತಿರುಗಿದಳು.

"ನಮ್ಮ ಹುಡುಗಿ ಗ್ರಿಲ್ ಹತ್ರ ನಿಂತಿದ್ದಳು. ಅಲ್ಲಿಂದ ಬೀದಿ ಬಾಯಿ ಕಾಣ್ತದೆ," ಎಂದು ಅವನಿಗೆ ತೆಲುಗಿನಲ್ಲಿ ಹೇಳಿ, ನನಗೆ ಕನ್ನಡದಲ್ಲಿ ಹೇಳಿದಳು: "ನೀಲಾ, ಗಾಡಿ ಹೋದದ್ದು ನೀ ನೋಡೀಯಲ್ಲ?"

ನಾನು ನೋಡಿರಲಿಲ್ಲ. ಆದರೆ ಅವ್ವನ ಕತ್ತಿನ ಮೇಲೆ ಗೀರಿತ್ತು, ಅವಳ ಕಣ್ಣು ನನ್ನಿಂದ ಏನನ್ನೋ ಬೇಡುತ್ತಿತ್ತು. ಹೂಂ ಎಂದೆ.

"ಏ ರಂಗು ಪಾಪಾ?" ಪೊಲೀಸಿನವನು ಕೇಳಿದ. ಯಾವ ಬಣ್ಣ.

ಹತ್ತಿರದಿಂದ ನನಗೆ ಗೊತ್ತಿದ್ದ ಮೋಟಾರ್‌ಸೈಕಲ್ ಲೋಕದಲ್ಲಿ ಒಂದೇ. ಕೆಂಪು ಎಂದೆ. ಅವನು ಬರೆದುಕೊಂಡ. ಮಾಸ್ಟಾರು ಗೋಡೆಯ ಕಡೆ ನೋಡುತ್ತ, ಯಾರಿಗೂ ಹೇಳದಂತೆ, "ಆಟೋನಗರದ ಜನ ಬೀದಿಗೆ ಬಂದರೆ ಹೀಗೇ ಆಗುವುದು," ಎಂದರು. ಆ ಮಾತು ರತ್ನಂನ ಮೇಲೆಂದು ಮನೆಯಲ್ಲಿದ್ದ ಎಲ್ಲರಿಗೂ ತಿಳಿಯಿತು. ಅವ್ವ ಬಾಯಿ ತೆರೆಯಲಿಲ್ಲ.

ಶನಿವಾರ ಬೆಳಿಗ್ಗೆ ಬಂದು ಅವನನ್ನು ಕರೆದುಕೊಂಡು ಹೋದರು. ಅವನು ಹಲ್ಲುಜ್ಜುತ್ತಿದ್ದ, ಬಾಯಿ ತೊಳೆಯಲು ಬಿಡಲಿಲ್ಲ. ಕೆಂಪು ಗಾಡಿಯನ್ನೂ ತಳ್ಳಿಕೊಂಡು ಹೋದರು. ಎರಡೂ ಬದಿಯ ಮನೆಗಳವರು ಬಾಗಿಲಿಗೆ ಬಂದು ನಿಂತು ನೋಡಿದರು, ಸುಗುಣ ಕಾಲಿಗೆ ಚಪ್ಪಲಿ ಇಲ್ಲದೆ ತಿರುವಿನವರೆಗೆ ಹಿಂದೆ ಓಡಿ ವಾಪಸು ಬಂದಳು. ನಾನು ಗ್ರಿಲ್ಲಿನ ಒಳಗಿದ್ದೆ. ನಮ್ಮ ಮನೆಯ ಮುಂದೆ ಹಾದುಹೋಗುವಾಗ ರತ್ನಂ ನನ್ನನ್ನು ನೋಡಿ, ಏನೂ ಇಲ್ಲ ಎನ್ನುವ ಹಾಗೆ ತಲೆಯಾಡಿಸಿದ. ನಾನು ಹೆದರಿಕೊಂಡೇನೆಂದು ಅವನಿಗೆ ಅನಿಸಿತ್ತು.

ಅದೇ ದಿನ ಮಧ್ಯಾಹ್ನ ಸುಗುಣ ನಮ್ಮ ಅಡಿಗೆಮನೆಗೆ ಬಂದಳು. ಕೈಯಲ್ಲಿ ಆ ರವಿಕೆ. ನಾನು ನಡುಮನೆಯಲ್ಲಿ ಲೆಕ್ಕದ ಪುಸ್ತಕ ತೆರೆದು ಕೂತಿದ್ದೆ. ಬಾಗಿಲು ಅರ್ಧ ಮುಚ್ಚಿತ್ತು. ಅವಳು ಅಳುತ್ತಿರಲಿಲ್ಲ. ತೆಲುಗು ಆ ಹೊತ್ತಿಗೆ ನನಗೆ ಕನ್ನಡಕ್ಕಿಂತ ಚೆನ್ನಾಗಿ ಬರುತ್ತಿತ್ತು, ಒಂದು ಅಕ್ಷರವೂ ತಪ್ಪಲಿಲ್ಲ.

"ಇದಿ ಚಿರಿಗಿಂದಿ ಕಾದು, ಕೋಸಿಂದಿ," ಎಂದಳು. ಇದು ಹರಿದದ್ದಲ್ಲ, ಕತ್ತರಿಸಿದ್ದು. "ನಾನು ದಿನಾ ಬಟ್ಟೆ ಹಿಡಿಯೋಳು ಅಮ್ಮಗಾರು. ಎಳೆದರೆ ದಾರ ಹೀಗೆ ಬರಲ್ಲ. ಹೊಲಿಗೆಯನ್ನ ಬ್ಲೇಡಿನಿಂದ ಬಿಡಿಸಿ ಆಮೇಲೆ ಎಳೆದಿದೆ."

ಅವ್ವ ಹಿಟ್ಟು ನಾದುತ್ತಿದ್ದ ಬಳೆಯ ಸದ್ದು ನಿಂತಿತು.

"ಯಾಕೆ ಅಂತ ನಾನು ಕೇಳಲ್ಲ. ನಿಮ್ಮ ಮನೆಯ ಮಾತು ನಿಮಗೆ. ರವಿಕೆಯ ಸಂಗತಿ ನಾನು ಯಾರಿಗೂ ಹೇಳಲ್ಲ. ನೀವು ಠಾಣೆಗೆ ಬಂದು, ಮಗು ಚಿಕ್ಕದು, ಬಣ್ಣ ತಪ್ಪು ಹೇಳಿರಬಹುದು ಅಂತ ಒಂದು ಮಾತು ಹೇಳಿ. ಅಷ್ಟು ಸಾಕು. ಅವರನ್ನ ಹೊಡೀತಾ ಇದಾರೆ."

"ನಾನು ಯಾರ ಹೆಸರನ್ನೂ ಹೇಳಿಲ್ಲ ಸುಗುಣಾ," ಎಂದಳು ಅವ್ವ. "ಅವರ ಕೆಲಸ ಅವರು ಮಾಡ್ತಾರೆ. ಅವನು ತಪ್ಪು ಮಾಡಿಲ್ಲದಿದ್ದರೆ ಬಿಡ್ತಾರೆ."

ಆಮೇಲೆ ಸುಗುಣ ರವಿಕೆಯನ್ನು ರೊಟ್ಟಿಯ ಕಲ್ಲಿನ ಮೇಲೆ ಇಟ್ಟು ಹೊರಬಂದಳು. ಭುಜದ ಬಳಿ ಹೊಲಿಗೆ ಹಾಕಿ ಸರಿಮಾಡಿಯೇ ತಂದಿದ್ದಳು. ನನ್ನ ತಲೆಯ ಮೇಲೆ ಕೈಯಿಡುವವಳಂತೆ ಬಂದು, ಇಡದೆ ಹೋದಳು.

ನಾನು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದೆ: "ಅವ್ವಾ, ಪಿನ್ನಿ ಹೇಳಿದ್ದು ಖರೇ ಏನು?"

ಅವ್ವ ರವಿಕೆಯನ್ನು ಎತ್ತಿ ಮಡಚಿದಳು, ಇನ್ನೊಮ್ಮೆ ಮಡಚಿದಳು.

"ಕೆಂಪು ಅಂದಾಕಿ ನೀನ. ನಾ ಅಂದಿನೇನು?"

"ನೀ ನೋಡೀಯಲ್ಲ ಅಂದಿ."

"ನೋಡೀಯಲ್ಲ ಅಂತ ಕೇಳಿದೆ. ಕೆಂಪು ಅನ್ನು ಅಂತ ಹೇಳಿದ್ದಿಲ್ಲ. ಈಗ ಇದನ್ನ ಹೊರಗ ಯಾರ ಮುಂದರೆ ಆಡಿದಿ ಅಂದ್ರ, ಸುಳ್ಳ ಸಾಕ್ಷಿ ಹೇಳಿದಾಕಿ ಅಂತ ಪೊಲೀಸರು ನಿನ್ನನ್ನ ಕರಕೊಂಡು ಹೋಗ್ತಾರ. ತಿಳೀತಿಲ್ಲೋ?"

ಎಷ್ಟೋ ಬಾರಿ ಅವ್ವ ನನ್ನನ್ನು ಹೊಡೆದಿದ್ದಾಳೆ, ಒಂದೂ ನೆನಪಿಲ್ಲ. ಅವತ್ತು ಕೈಯೆತ್ತಲಿಲ್ಲ, ದನಿಯನ್ನೂ ಏರಿಸಲಿಲ್ಲ. ಹಿಟ್ಟು ಹತ್ತಿದ ಬೆರಳಿಂದ ನನ್ನ ಮುಖದ ಮೇಲಿನ ಕೂದಲು ಸರಿಸಿದಳು. ಆ ಬೆರಳು ಮಾತ್ರ ಈಗಲೂ ಹಣೆಯ ಮೇಲೆ ಇದೆ. ಮಾರನೆಯ ದಿನ ಭಾನುವಾರ, ಅಂಗಡಿಯಿಂದ ಬೆಲ್ಲ ತರಲು ಹೊರಟಾಗ ಸುಗುಣ ತನ್ನ ಕೋಣೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಚರ್ಚಿಗೆ ಹೋಗಿರಲಿಲ್ಲ. ನಾನು ಬೀದಿಯ ಆಚೆ ಬದಿಗೆ ದಾಟಿ, ಗೋಡೆಗೆ ತಾಗಿಕೊಂಡು ನಡೆದೆ.

ಸೋಮವಾರ ರತ್ನಂನನ್ನು ಬಿಟ್ಟರು. ಅವನ ಕೋಣೆಯಲ್ಲಿ, ಷೆಡ್ಡಿನಲ್ಲಿ ಏನೂ ಸಿಗಲಿಲ್ಲ. ಬಲಗೈಯ ನಾಲ್ಕು ಬೆರಳಿಗೆ ಬಟ್ಟೆ ಸುತ್ತಿತ್ತು. ಅಂದೇ ಸಂಜೆ ಮಾಸ್ಟಾರ ಮಹಡಿಯಲ್ಲಿ ಬೀದಿಯವರ ಸಭೆ ಸೇರಿತು. ಅಪ್ಪ ಹೋಗಿದ್ದ. ಬೀದಿಯ ನೆಮ್ಮದಿಗಾಗಿ ಅವರು ಕೋಣೆ ಬಿಡಬೇಕೆಂದು ತೀರ್ಮಾನವಾಯಿತು ಎಂದು ಬಂದು ಹೇಳಿದ. ವಾರ ಮುಗಿಯುವ ಮೊದಲು ಒಂದು ರಿಕ್ಷಾದಲ್ಲಿ ಹೊಲಿಗೆಯಂತ್ರ, ಎರಡು ಟ್ರಂಕು, ಸುತ್ತಿದ ಹಾಸಿಗೆ ಇಟ್ಟುಕೊಂಡು ಅವರು ಹೋದರು. ರತ್ನಂ ಎಡಗೈಯಿಂದ ಹಿಂದೆ ಹಿಡಿದು ನಡೆಯುತ್ತಿದ್ದ. ಅವ್ವ ಆಗ ಹಿತ್ತಲಲ್ಲಿ ಪಂಪು ಒತ್ತುತ್ತಿದ್ದಳು. ಕೊಡ ತುಂಬಿ ಹರಿದರೂ ಒತ್ತುತ್ತಲೇ ಇದ್ದಳು.

ಕಾಕಾನ ಲಗ್ನಕ್ಕೆ ಬೋರಮಾಳವಿಲ್ಲದೆ ಹೋದೆವು. ಅಜ್ಜಿ ಅವ್ವನ ಕತ್ತನ್ನು ಮುಟ್ಟಿ ನೋಡಿ ಅತ್ತಳು, ಜೀವ ಉಳಿಯಿತಲ್ಲ ಎಂದಳು. ವಾಪಸು ಬರುವಷ್ಟರಲ್ಲಿ ಬೀದಿಯ ಬಾಯಿಗೆ ಕಬ್ಬಿಣದ ಗೇಟು ಬಂದಿತ್ತು. ಮೊದಲು ಊರಿಗೆ ಹೋಗುವವರು ಬೀಗದ ಕೈಯನ್ನು ಎದುರುಮನೆಗೆ ಕೊಟ್ಟು ಹೋಗುತ್ತಿದ್ದರು, ಅದು ನಿಂತಿತು. ಹೆಂಗಸರು ಸೆರಗನ್ನು ಕತ್ತಿನ ಸುತ್ತ ಪಿನ್ನು ಹಾಕಿ ಬಿಗಿದರು. ಸಂಜೆಯ ಕಟ್ಟೆಗಳು ಖಾಲಿಯಾದವು. ನಾನು ಸೈಕಲ್ ಮುಟ್ಟುವಂತಿರಲಿಲ್ಲ, ಒಬ್ಬಳೇ ಟ್ಯೂಷನ್ನಿಗೆ ಹೋಗುವಂತಿರಲಿಲ್ಲ, ಮಾಳಿಗೆಯ ಮೇಲೆ ನಿಲ್ಲುವಂತಿರಲಿಲ್ಲ. ಪ್ರತಿಯೊಂದು ಬೇಡಕ್ಕೂ ಒಂದೇ ಕಾರಣ: ಅವ್ವನ ಸರ ಕಿತ್ತರಲ್ಲ. ಅವ್ವನೇ ಅದನ್ನು ಹೇಳುತ್ತಿದ್ದಳು. ನಾನು ಅವಳ ಮುಖ ನೋಡುತ್ತಿದ್ದೆ. ಅವಳ ರೆಪ್ಪೆ ಅಲುಗುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ನನಗೆ ಗೊತ್ತಿಲ್ಲವೆಂದು ನಂಬಲು ನಾನು ಆ ವರ್ಷವೇ ಕಲಿತೆ. ನಿಜವಾಗಿ ಹೆದರತೊಡಗಿದೆ. ಗಾಡಿಯ ಸದ್ದು ಹಿಂದಿನಿಂದ ಬಂದರೆ ಗೋಡೆಗೆ ಒತ್ತಿಕೊಳ್ಳುತ್ತಿದ್ದೆ. ಹೆಂಡತಿಗೆ ಆದ ಅನಾಹುತವನ್ನು ಕಾಣಿಸಿ ಅಪ್ಪ ಅರ್ಜಿ ಹಾಕಿದ. ಒಂದೂವರೆ ವರ್ಷಕ್ಕೆ ಮತ್ತೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಲ್ಲಿಯೂ ಬಾಗಿಲಿಗೆ ಮೂರು ಅಗಳಿ ಬಿದ್ದವು. ಸಮುದ್ರದ ಗಾಳಿ ಆಮೇಲೆ ಆ ಮನೆಯೊಳಗೆ ಬರಲಿಲ್ಲ.

ಹದಿನಾಲ್ಕು ವರ್ಷಗಳ ನಂತರ ಗದಗಿನಲ್ಲಿ ನನ್ನ ಲಗ್ನ. ಅಜ್ಜಿ ಆಗ ಇರಲಿಲ್ಲ. ಅರಿಶಿನದ ದಿನ ಬೆಳಿಗ್ಗೆ ಚಿಗವ್ವ ಒಂದು ಕರವಸ್ತ್ರದ ಗಂಟನ್ನು ಅವ್ವನ ಕೈಗೆ ಕೊಟ್ಟಳು. ಅವ್ವ ಕೋಣೆಯ ಬಾಗಿಲು ಹಾಕಿ, ಗಂಟು ಬಿಚ್ಚಿ, ಬೋರಮಾಳವನ್ನು ನನ್ನ ಕೊರಳಿಗೆ ಹಾಕಿದಳು. ಪದಕ ಮಾತ್ರ ಬೇರೆ.

"ಇಷ್ಟು ವರ್ಷ ಚಿಗವ್ವನ ಟ್ರಂಕಿನಾಗ ಇಟ್ಟಿದ್ದೆ. ನಿನಗಂತ. ಯಾರರೆ ಕೇಳಿದ್ರ ಹೊಸದಾಗಿ ಮಾಡಿಸಿದ್ದು ಅನ್ನು."

ಅವಳ ಕಣ್ಣಲ್ಲಿ ನೀರಿತ್ತು. ಸಂತೋಷದ್ದು. ಅದನ್ನು ನಾನು ಇಂದಿಗೂ ಕ್ಷಮಿಸಲಾರೆ.

"ರತ್ನಂ?" ಎಂದೆ.

"ನಾ ಯಾರ ಹೆಸರೂ ಹೇಳಿದ್ದಿಲ್ಲ, ನೀಲಾ. ನನ್ನ ಮಗಳದ್ದು ಮಗಳಿಗೆ ಉಳಿಸಿದೆ. ನಾಳೆ ನೀ ತಾಯಿ ಆದಾಗ ತಿಳೀತೈತಿ."

ಅಪ್ಪ ಬಾಗಿಲು ತಟ್ಟಿ ಒಳಗೆ ಬಂದ. ನನ್ನ ಕೊರಳನ್ನು ನೋಡಿದ. ಬೆಚ್ಚಿಬೀಳುತ್ತಾನೆ ಎಂದು ಕಾದೆ. "ಚಂದ ಕಾಣ್ತೈತಿ," ಎಂದ.

"ನಿನಗ ಯಾವಾಗ ಗೊತ್ತಾತು ಅಪ್ಪಾ?"

"ಹಳೇ ಮಾತು ಯಾಕ ಈಗ, ಲಗ್ನದ ಮನಿಯೊಳಗ."

"ಅವನನ್ನ ಹಿಡ್ಕೊಂಡು ಹೋಗೂಕಿಂತ ಮೊದಲೋ, ಆಮ್ಯಾಲೋ?"

"ಮಂದಿ ಬರಾಕತ್ತಾರ," ಎಂದು ಅವನು ಹೊರಗೆ ಹೋದ. ಮಹಡಿಯ ಸಭೆಗೆ ಹೋಗಿ ಬಂದವನು ಅವನು. ಸುಗುಣ, ರತ್ನಂ ಕೋಣೆ ಬಿಡಬೇಕೆಂದು ಬಂದು ಹೇಳಿದವನು ಅವನು. ನನಗೆ ಕಾವಲಾಗಿದ್ದ ಮೂರು ಅಗಳಿಗಳ ಒಳಗಡೆಯೇ ಕಳ್ಳರಿದ್ದರು, ನಾನು ಅವರ ನಡುವೆ ಕೂತು ದಿನಾ ಊಟ ಮಾಡಿದ್ದೆ. ಬೋರಮಾಳವನ್ನು ಬಿಚ್ಚಿ ಎಸೆದೆ ಎಂದು ಬರೆಯಲು ಆಸೆಯಾಗುತ್ತದೆ. ಎಸೆಯಲಿಲ್ಲ. ಮಂದಿ ಬರುತ್ತಿದ್ದರು, ನಾನು ಅದನ್ನು ಹಾಕಿಕೊಂಡೇ ಹಸೆಗೆ ಕೂತೆ. ಕಾಕಾನ ಹೆಂಡತಿ, ಆ ಸರ ಯಾರ ಕೊರಳಿಗೆ ಹೋಗಬೇಕಿತ್ತೋ ಆ ಹೆಂಗಸು, ಗುಂಡುಗಳನ್ನು ಬೆರಳಿನಿಂದ ಎತ್ತಿ ನೋಡಿ, "ಎಲ್ಲಿ ಮಾಡಿಸಿದ್ರಿ?" ಎಂದಳು. "ವಿಶಾಖಪಟ್ಟಣದಾಗ, ಹೊಸದು," ಎಂದೆ. ಕೆಂಪು ಎಂದದ್ದೂ ಇದೇ ಬಾಯಿ.

ಆಮೇಲೆ ನಾನು ವಿಶಾಖಪಟ್ಟಣದಲ್ಲೇ ನೆಲೆಸಿದೆ. ಪರವಾಡದ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ, ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು. ನನ್ನ ಮಗಳನ್ನು ಬೀದಿಗೆ ಒಬ್ಬಳೇ ಬಿಡಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಸರ ಕಿತ್ತ ಸುದ್ದಿ ಬಂದಾಗಲೆಲ್ಲ, ಹೊಸದಾಗಿ ಬಂದ ಪೇಂಟರನ, ಪ್ಲಂಬರನ ಫೋಟೋ ಹಾಕಿ ಇವನೇ ಇರಬೇಕು ಎಂದು ಯಾರಾದರೂ ಬರೆಯುತ್ತಾರೆ. ನಾನು ಓದಿ ಸುಮ್ಮನಿರುತ್ತಿದ್ದ ವರ್ಷಗಳೇ ಹೆಚ್ಚು. ಅವ್ವ ಬದುಕಿರುವಷ್ಟು ದಿನ ಅವಳ ಮರ್ಯಾದೆ ಎಂದು ನೆಪ ಹೇಳಿಕೊಂಡೆ. ಅಪ್ಪ ಮೊದಲು ಹೋದ, ಹೋದ ವರ್ಷ ಅವ್ವ. ಕೊನೆಯ ತಿಂಗಳುಗಳಲ್ಲಿ ನಾನು ಮತ್ತೊಮ್ಮೆ ಕೇಳಿದ್ದೆ. ಹೆಸರು ಹೇಳಿದ್ದಿಲ್ಲ ಎಂಬ ಅದೇ ಉತ್ತರ, ದನಿ ಮಾತ್ರ ತೆಳ್ಳಗಾಗಿತ್ತು.

ಅವ್ವ ಹೋದಮೇಲೆ ವಿಜಯವಾಡಕ್ಕೆ ಹೋಗಿ, ಆಟೋನಗರದಲ್ಲಿ ರತ್ನಂನ ಹೆಸರು ಹಿಡಿದು ಷೆಡ್ಡಿನಿಂದ ಷೆಡ್ಡಿಗೆ ಅಲೆದೆ. ಒಬ್ಬ ಮುದುಕ ಮೆಕ್ಯಾನಿಕ್ಕಿಗೆ ನೆನಪಿತ್ತು. ಒನ್ ಟೌನಿನಲ್ಲಿ, ಹಳೆಯ ಪೇಟೆಯಲ್ಲಿ ಹುಡುಕಿ ಎಂದ. ಸಗಟು ಬಟ್ಟೆ ಅಂಗಡಿಗಳ ಹಿಂದಿನ ಸಂದಿಯಲ್ಲಿ, ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದಷ್ಟು ಇಕ್ಕಟ್ಟಿನಲ್ಲಿ, ಸುಗುಣ ಸೀರೆಗೆ ಫಾಲ್ ಹೊಲಿಯುತ್ತ ಕೂತಿದ್ದಳು. ಹೆಸರು ಹೇಳಿದೆ. ಅವಳು ಕನ್ನಡಕದ ಮೇಲಿನಿಂದ ನೋಡಿ, ಕಾಲಿನಿಂದ ಒಂದು ಸ್ಟೂಲನ್ನು ನನ್ನತ್ತ ದೂಡಿದಳು. ಯಂತ್ರ ನಿಲ್ಲಿಸಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಬೋರಮಾಳದ್ದು, ಚಿಗವ್ವನದ್ದು, ಗಾಡಿಯನ್ನು ನಾನು ನೋಡಿಯೇ ಇರಲಿಲ್ಲ ಎಂಬುದು. ನನ್ನ ಕೈಚೀಲದಲ್ಲಿ ಬೋರಮಾಳವಿತ್ತು, ಕೊಟ್ಟುಬಿಡಬೇಕೆಂದು ತಂದಿದ್ದೆ. ಅವಳ ಮುಂದೆ ಅದನ್ನು ತೆಗೆಯುವುದು ಇನ್ನೊಂದು ಅವಮಾನವೆಂದು ಆ ಸ್ಟೂಲಿನ ಮೇಲೆ ಕೂತಾಗ ತಿಳಿಯಿತು. ರತ್ನಂ ತೀರಿಹೋಗಿ ಐದು ವರ್ಷವಾಗಿತ್ತು. ಸ್ಪ್ಯಾನರು ಹಿಡಿಯಲು ಬೆರಳು ಬಗ್ಗದೆ, ಇಲ್ಲಿನ ಗೋದಾಮುಗಳಿಗೆ ಕಾವಲುಗಾರನಾಗಿದ್ದನಂತೆ. ಹದಿನೆಂಟು ಅಂಗಡಿಗಳ ಬೀಗದ ಕೈ ಅವನ ಸೊಂಟದಲ್ಲಿತ್ತು.

"ಪಿನ್ನಿ, ನೀವು ಯಾಕೆ ಬೀದಿಯವರಿಗೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದೆ. ಮಾಸ್ಟಾರಿಗೆ ಹೇಳಿದೆ. ಬ್ಯಾಂಕಿನವರ ಹೆಂಡತಿ ಸುಳ್ಳು ಹೇಳ್ತಾರಾ, ನೀನು ಹೇಳ್ತೀಯಾ ಅಂತ ಕೇಳಿದರು." ದಾರವನ್ನು ಹಲ್ಲಿನಿಂದ ಕಡಿದಳು. "ನಿಮ್ಮಮ್ಮನ ಮೇಲೆ ಕೋಪ ಬಂತು, ಹೋಯ್ತು. ತನ್ನದನ್ನ ಉಳಿಸಿಕೊಂಡಳು. ಭಾನುವಾರ ನೀನು ಆಚೆ ಬದಿಗೆ ದಾಟಿ ಹೋದೆಯಲ್ಲ, ಅದು ನಮ್ಮ ಮನೆಯಲ್ಲಿ ಬಹಳ ದಿನ ಇತ್ತು. ಪಾಪ ಮಗು, ಬಿಡು ಅಂತ ಅವರು ಹೇಳ್ತಿದ್ದರು. ನನಗೆ ಬಿಡೋಕೆ ಆಗಲಿಲ್ಲ."

ನಾನೇನು ಮಾಡಲಿ ಎಂದು ಕೇಳಿದೆ.

"ನನಗೆ ಹೇಳಿ ಏನು ಬಂತು? ರವಿಕೆ ಕೈಗೆ ಬಂದ ದಿನವೇ ನನಗೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೋಗಿ ಹೇಳು."

ಅಲ್ಲಿಂದ ನೇರ ಪಟಮಟಕ್ಕೆ ಹೋದೆ. ಬೀದಿಯಲ್ಲಿ ಹಳೆಯ ಮನೆಗಳೆಂದರೆ ಮಾಸ್ಟಾರದ್ದೊಂದೇ, ಮಿಕ್ಕಿದ್ದೆಲ್ಲ ನಾಲ್ಕು ಐದು ಮಹಡಿಯ ಅಪಾರ್ಟ್‌ಮೆಂಟುಗಳು, ಕಂಬಕಂಬಕ್ಕೂ ಕ್ಯಾಮೆರಾ. ಮಾಸ್ಟಾರು ನಾವಿದ್ದ ವರಾಂಡದಲ್ಲೇ ಆರಾಮಕುರ್ಚಿಯಲ್ಲಿ ಕೂತಿದ್ದರು, ಎಂಬತ್ತೈದು ದಾಟಿದ ವಯಸ್ಸು, ಬುದ್ಧಿ ಚುರುಕಾಗಿಯೇ ಇತ್ತು. ಸೊಸೆ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ನಾನು ಹೇಳುವುದನ್ನು ಅವರು ಕೊನೆಯವರೆಗೆ ಕೇಳಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಇರಬಹುದಮ್ಮಾ. ನಿಮ್ಮ ತಂದೆಯವರು ದೊಡ್ಡ ಮನುಷ್ಯರು," ಎಂದರು. "ಆದರೂ ನೋಡು, ಅವನು ಹೋದಮೇಲೆ ನಮ್ಮ ಬೀದಿಯಲ್ಲಿ ಒಂದು ಕಳ್ಳತನವೂ ಆಗಲಿಲ್ಲ."

"ಅವರು ಇದ್ದಾಗಲೂ ಆಗಿರಲಿಲ್ಲ ಮಾಸ್ಟಾರೂ," ಎಂದೆ.

ಅವರು ಸೊಸೆಗೆ ಕಾಫಿ ತರಲು ಹೇಳಿದರು. ನಾನು ಕುಡಿಯದೆ ಎದ್ದೆ. ಗೇಟಿನ ಹೊರಗೆ ನಿಂತು ಸುಗುಣಳಿಗೆ ಫೋನ್ ಮಾಡಿದೆ; ಹೇಳಿದೆ ಪಿನ್ನಿ ಎಂದೆ.

"ಯಾರು ಯಾರಿದ್ದರು?"

"ಮಾಸ್ಟಾರು, ಅವರ ಸೊಸೆ."

"ಇಬ್ಬರೇನಾ," ಎಂದಳು. ಆ ಕಡೆ ಹೊಲಿಗೆಯಂತ್ರದ ಸದ್ದು ಕೇಳುತ್ತಿತ್ತು. "ಅವರನ್ನ ಕರಕೊಂಡು ಹೋದ ದಿನ ಬೀದಿಯೆಲ್ಲ ನಿಂತಿತ್ತು."

ಫೋನ್ ಇಟ್ಟಳು. ನಾನು ಸ್ವಲ್ಪ ಹೊತ್ತು ಬಿಸಿಲಲ್ಲೇ ನಿಂತೆ. ನಿಂತು ನೋಡಿದವರಲ್ಲಿ ಕೆಲವರಾದರೂ, ಅವರ ಮಕ್ಕಳಾದರೂ, ಈ ಅಪಾರ್ಟ್‌ಮೆಂಟುಗಳಲ್ಲಿ ಇರಲೇಬೇಕು. ಎದುರಿನ ಗೇಟಿಗೆ ಹೋದೆ. ವಾಚ್‌ಮನ್ ಕುರ್ಚಿಯಿಂದ ಏಳದೆ, ದಾರ ಕಟ್ಟಿದ ಪೆನ್ನಿನ ಸಮೇತ ಒಂದು ದಪ್ಪ ಪುಸ್ತಕವನ್ನು ಮುಂದೆ ಚಾಚಿದ. ಹೆಸರು, ಊರು, ಯಾವ ಮನೆ, ಏನು ಕೆಲಸ. ಯಾವ ಮನೆ ಎಂಬಲ್ಲಿ ಎಲ್ಲ ಎಂದು ಬರೆದೆ. ಅವನು ಮುಂದಕ್ಕೆ ಬಾಗಿ ನೋಡಿ, ಹಾಗೆ ಬರೆಯುವಂತಿಲ್ಲ ಮೇಡಂ ಎಂದ. ನಾನು ಕೊನೆಯ ಕಾಲಮ್ಮಿಗೆ ಬಂದಿದ್ದೆ. ಅಲ್ಲಿ ತೆಲುಗಿನಲ್ಲಿ, ಅವನಿಗೂ ಓದಲು ಬರುವ ಹಾಗೆ ದಪ್ಪಕ್ಷರದಲ್ಲಿ ಬರೆದೆ: ರತ್ನಂ ಕದ್ದಿರಲಿಲ್ಲ ಎಂದು ಹೇಳಬೇಕು.